ಕುಡಿಯೋದಲ್ಲ, ಗುರುತಿಸೋದು: ಮದ್ಯದ ರುಚಿ ನೋಡೋ ಕೋರ್ಸ್‌ನಲ್ಲಿ ಏನು ಕಲಿಸ್ತಾರೆ?

ಇವತ್ತಿನ ವಿಷಯ ಸ್ವಲ್ಪ ಸೂಕ್ಷ್ಮ, ಹಾಗಾಗಿ ಮೊದಲೇ ಹೇಳಿಬಿಡ್ತೀನಿ. ಇದು ಕುಡಿಯೋಕೆ ಹುರಿದುಂಬಿಸೋ ಸಂಚಿಕೆ ಅಲ್ಲ. ವಿಸ್ಕಿ, ರಮ್, ಜಿನ್ ಇವುಗಳ ಗುಣಮಟ್ಟ ಅಳೆಯೋದನ್ನ ಕಲಿಸೋ ಕೋರ್ಸ್‌ಗಳಿವೆ, ಅದರಿಂದ ಕೆಲಸವೂ ಸಿಗುತ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹುಡುಗ ಹುಡುಗಿಯರಿಗೆ ಇದು ಆಗಿಬರೋ ದಾರಿನಾ? ಮನೇಲಿ ಹೇಳಿದ್ರೆ "ಕುಡಿಯೋದನ್ನ ಕಲಿಯೋಕೆ ದುಡ್ಡು ಕೊಡ್ತೀಯಾ?" ಅಂತ ಬೈತಾರೆ. ಆ ಪ್ರಶ್ನೆಗೆ ಉತ್ತರ ಕೊಡೋಕಾದ್ರೂ ವಿಷಯ ಗೊತ್ತಿರಬೇಕಲ್ವಾ?

ಮೊದಲು ಭಟ್ಟಿ ಇಳಿಸೋದು ಅಂದ್ರೇನು ನೋಡೋಣ. ಸಕ್ಕರೆ ಅಂಶ ಇರೋ ರಸ ಹುಳಿಯಾದ್ರೆ ಆಲ್ಕೋಹಾಲ್ ಹುಟ್ಟುತ್ತೆ. ಅದನ್ನ ಕಾಯಿಸಿದಾಗ ನೀರಿಗಿಂತ ಮುಂಚೆ, ಸುಮಾರು 78 ಡಿಗ್ರಿಗೇ, ಆಲ್ಕೋಹಾಲ್ ಆವಿಯಾಗುತ್ತೆ. ಆ ಆವಿ ತಣ್ಣಗಾಗಿ ಮತ್ತೆ ದ್ರವ ಆಗೋದೇ ಭಟ್ಟಿ. ಮೊದಲು ಇಳಿಯೋ ಭಾಗಕ್ಕೆ ನೈಲ್ ಪಾಲಿಶ್ ರಿಮೂವರ್ ಥರದ ಘಾಟು. ಕೊನೆಗೆ ಇಳಿಯೋದಕ್ಕೆ ಒದ್ದೆ ರಟ್ಟಿನ ವಾಸನೆ. ನಡುವಿನದನ್ನ ಮಾತ್ರ ಇಟ್ಟುಕೊಳ್ಳಬೇಕು. ಎಲ್ಲಿಂದ ಎಲ್ಲಿವರೆಗೆ ಅಂತ ಹೇಳೋಕೆ ಮೀಟರ್ ಜೊತೆಗೆ ಮೂಗೂ ಬೇಕು. ಕೋರ್ಸ್ ಪಳಗಿಸೋದು ಆ ಮೂಗನ್ನ.

ಇದರಲ್ಲಿ ಹೆಚ್ಚು ಹೆಸರು ಮಾಡಿರೋದು ಲಂಡನ್‌ನ ವೈನ್ ಅಂಡ್ ಸ್ಪಿರಿಟ್ ಎಜುಕೇಶನ್ ಟ್ರಸ್ಟ್. ಡಬ್ಲ್ಯೂಎಸ್ಇಟಿ ಅಂತಾರೆ, 1969ರಲ್ಲಿ ಶುರುವಾದ ಸಂಸ್ಥೆ. ಇದರ ಪಾಠಗಳು ಭಾರತದ ದೊಡ್ಡ ಊರುಗಳಲ್ಲೂ ನಡೀತವೆ. ಭಟ್ಟಿ ಮದ್ಯಕ್ಕೆ ಅಂತಲೇ ಮೂರು ಹಂತ ಇವೆ. ಮೊದಲ ಹಂತ ಒಂದೇ ದಿನದ್ದು, ಕೊನೆಗೆ 30 ಪ್ರಶ್ನೆಗಳ ಪರೀಕ್ಷೆ. ಮೂರನೇ ಹಂತದಲ್ಲಿ ಹೆಸರು ಮುಚ್ಚಿಟ್ಟ ಎರಡು ಮದ್ಯ ಕೊಟ್ಟು, ಏನು ಕಂಡಿರಿ ಬರೀರಿ ಅಂತಾರೆ.

ನೋಡೋ ಕ್ರಮ ನಾಲ್ಕು ಮೆಟ್ಟಿಲು: ನೋಟ, ವಾಸನೆ, ರುಚಿ, ತೀರ್ಮಾನ. ಬಾಯಿ ಕಿರಿದಾದ ಗ್ಲಾಸ್ ತಗೋತಾರೆ, ವಾಸನೆ ಹರಡಿಹೋಗದೆ ಅಲ್ಲೇ ನಿಲ್ಲಲಿ ಅಂತ. ಮೂಗನ್ನ ಒಳಗೆ ತುರುಕೋ ಹಾಗಿಲ್ಲ. ನಮ್ಮ ಅಂಗಡಿಯಲ್ಲಿ ಸಿಗೋ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತೆ, ಜೋರಾಗಿ ಎಳೆದ್ರೆ ಮೂಗು ಮರಗಟ್ಟುತ್ತೆ. ಆಮೇಲೆ ಸ್ವಲ್ಪ ನೀರು ಬೆರೆಸ್ತಾರೆ, ಅಡಗಿದ್ದ ವಾಸನೆಗಳು ಬಿಚ್ಚಿಕೊಳ್ತವೆ. ಬಾಯಿಗೆ ಹಾಕಿದ್ದನ್ನ ಉಗೀತಾರೆ. ಹೌದು, ಉಗಿಯೋಕೆ ಪಕ್ಕದಲ್ಲೇ ಪಾತ್ರೆ ಇಟ್ಟಿರ್ತಾರೆ. ನುಂಗ್ತಾ ಹೋದ್ರೆ ಐದನೇ ಗ್ಲಾಸಿಗೆ ನಾಲಿಗೆ ಹೇಳೋದನ್ನ ನಂಬೋಕಾಗಲ್ಲ.

ಈಗ ನಮ್ಮ ಊರಿನ ವಿಷಯಕ್ಕೆ ಬರ್ತೀನಿ. ಕೋರ್ಸ್‌ನಲ್ಲಿ ಕೊಡೋ ವಾಸನೆಗಳ ಪಟ್ಟಿಯಲ್ಲಿ 'ತೆಂಗಿನಕಾಯಿ' ಅಂತ ಒಂದು ಪದ ಇರುತ್ತೆ. ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನೋ ಅಂಶ ಇದೆ, ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ವಿಸ್ಕಿಗೆ ಅದು ತೆಂಗಿನ ಪರಿಮಳ ಕೊಡುತ್ತೆ. ಅಮೆರಿಕದ ಓಕ್‌ನಲ್ಲಿ ಇದು ಜಾಸ್ತಿ. ಪಟ್ಟಿಯಲ್ಲಿ ಇರೋದು ಒಂದೇ ಪದ. ಆದ್ರೆ ನಮಗೆ ಎಷ್ಟು ಗೊತ್ತು ಹೇಳಿ? ಎಳನೀರಿಂದು ಒಂದು, ಹಸಿ ಕಾಯಿತುರಿದು ಇನ್ನೊಂದು, ಗಾಣದಿಂದ ಈಗ ತಾನೇ ಬಂದ ಎಣ್ಣೆದು ಮತ್ತೊಂದು, ಕಮಟು ಹಿಡಿದ ಕೊಬ್ಬರಿದು ಬೇರೆಯೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತ ಕಾಯಿಯನ್ನ ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯಾ ಅಂತ ಸದ್ದಿನಲ್ಲೇ ಹೇಳೋ ಅಜ್ಜಂದಿರು ನಮ್ಮಲ್ಲಿದ್ದಾರೆ. ಕೊಬ್ಬರಿ ಮಾರುಕಟ್ಟೆಯಲ್ಲಿ ಒಂದು ಗಿಟುಕು ಒಡೆದು, ಮೂಸಿ, ಬಿಳುಪು ನೋಡಿ ಬೆಲೆ ಕಟ್ಟೋರು ಮಾಡೋದೂ ಟೇಸ್ಟಿಂಗೇ. ಅವರ ಹತ್ತಿರ ಸರ್ಟಿಫಿಕೇಟ್ ಇಲ್ಲ, ಅಷ್ಟೇ. ನನ್ನ ಪ್ರಕಾರ ಈ ಕಲಿಕೆಯ ತಿರುಳು ಇದೇ: ಮೂಗು ಎಲ್ಲರಿಗೂ ಇದೆ, ಆದ್ರೆ ಅದು ಹಿಡಿದಿದ್ದಕ್ಕೆ ಹೆಸರಿಟ್ಟು ನೆನಪಲ್ಲಿ ಇಟ್ಕೊಳ್ಳೋದನ್ನ ಅಭ್ಯಾಸ ಮಾಡಬೇಕು.

ಹೆಸರು ಮುಚ್ಚಿ ರುಚಿ ನೋಡೋದು ಯಾಕೆ ಮುಖ್ಯ? 1948ರಲ್ಲಿ ಬೆಂಗಳೂರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ಕಥೆ ನೋಡಿ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅದಕ್ಕೂ ಮುಂಚೆ ಅಲ್ಲಿನ ಜನಕ್ಕೆ ಹೆಸರು ಹೇಳದೆ ಕೊಟ್ಟಾಗ, ಭಾರತದ್ದು ಅಂತ ಗುರುತಿಸೋಕೆ ಆಗಿರಲಿಲ್ಲ. 2010ರ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಶನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೇ ಸ್ಥಾನದಲ್ಲಿಟ್ಟರು. ಬೆಂಗಳೂರಿನ ಬಿಸಿಲಿಗೆ ಪೀಪಾಯಿಯಿಂದ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡಿನಲ್ಲಿ ಸುಮಾರು ಶೇ. 2. ಇಲ್ಲಿ ಬೇಗ ಪಕ್ವ ಆಗುತ್ತೆ, ಬೇಗ ಕೆಡಲೂಬಹುದು. ಯಾವ ಪೀಪಾಯಿ ಯಾವಾಗ ತೆಗೀಬೇಕು ಅಂತ ಹೇಳೋರಿಗೆ ಹಾಗಾಗಿ ಬೆಲೆ.

ಇನ್ನೊಂದು ಮಾತು, ಇದನ್ನ ಗಮನ ಇಟ್ಟು ಕೇಳಿ. ಎಷ್ಟೇ ಪಳಗಿದ ಮೂಗಾದ್ರೂ ಮೆಥನಾಲ್ ವಿಷವನ್ನ ನಂಬಿಕೆಯಿಂದ ಹಿಡಿಯೋಕಾಗಲ್ಲ, ಅದಕ್ಕೆ ಲ್ಯಾಬ್ ಬೇಕು. 1981ರಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರ ಪ್ರಾಣ ತೆಗೀತು. ಮನೇಲಿ ಭಟ್ಟಿ ಪ್ರಯೋಗ ಅಪರಾಧ ಅಷ್ಟೇ ಅಲ್ಲ, ಜೀವದ ಜೊತೆ ಆಟ. ಸಾರಾಯಿಯಿಂದ ಹಾಳಾದ ಮನೆಗಳನ್ನ ನಮ್ಮ ಹಳ್ಳಿಗಳು ಕಂಡಿವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿದ್ದೂ ಅದಕ್ಕೇ. ಅಮ್ಮ ಬೈತಾರೆ ಅಂದ್ರೆ ಆ ಬೈಗುಳಕ್ಕೆ ಕಾರಣ ಇದೆ. ಗೋವಾದಲ್ಲಿ ತೆಂಗಿನ ಫೆನಿ, ಶ್ರೀಲಂಕಾದಲ್ಲಿ ತೆಂಗಿನ ಅರ್ರಾಕ್ ಕಾನೂನಿನೊಳಗೇ ತಯಾರಾಗ್ತವೆ. ನಮ್ಮಲ್ಲಿ ಹೊಂಬಾಳೆಯಿಂದ ನೀರಾ ಇಳಿಸೋಕೂ ಲೈಸೆನ್ಸ್ ಬೇಕು.

ಹಾಗಾದ್ರೆ ಕೆಲಸ? ಎರಡು ದಾರಿ ಇವೆ. ಹೋಟೆಲ್, ಬಾರ್, ಮಾರಾಟ ಇವುಗಳ ಕಡೆ ಹೋಗೋರಿಗೆ ಡಬ್ಲ್ಯೂಎಸ್ಇಟಿ ಉಪಯೋಗ. ಡಿಸ್ಟಿಲರಿ ಒಳಗೆ ಕೆಲಸ ಬೇಕು ಅಂದ್ರೆ ಅದೊಂದೇ ಸಾಲದು. ಕೆಮಿಸ್ಟ್ರಿ, ಬಯೋಟೆಕ್ನಾಲಜಿ ಓದಿದವರು ಕಾನ್ಪುರದ ನ್ಯಾಷನಲ್ ಶುಗರ್ ಇನ್‌ಸ್ಟಿಟ್ಯೂಟ್, ಪುಣೆಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಆಲ್ಕೋಹಾಲ್ ತಂತ್ರಜ್ಞಾನದ ಕೋರ್ಸ್ ನೋಡಬಹುದು. ಹೊರದೇಶಕ್ಕೆ ಹೋಗೋ ಶಕ್ತಿ ಇದ್ರೆ ಎಡಿನ್‌ಬರೋದ ಹೆರಿಯಟ್-ವ್ಯಾಟ್ ವಿಶ್ವವಿದ್ಯಾಲಯ ಇದೆ. ತೋಟ ಅಡ ಇಟ್ಟು ಮಾತ್ರ ಸೇರಬೇಡಿ. ಮೊದಲ ಹಂತ ಮುಗಿಸಿ, ಕೆಲಸ ಕೊಡೋರು ಏನು ಕೇಳ್ತಾರೆ ಅಂತ ವಿಚಾರಿಸಿ, ಆಮೇಲೆ ಮುಂದಿನ ಫೀಸು.

ಅದಕ್ಕೂ ಮುಂಚೆ ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಮಾಡ್ಕೊಳ್ಳಿ, ಮದ್ಯವೂ ಬೇಡ. ಐದು ಲೋಟದಲ್ಲಿ ಎಳನೀರು, ಕಾಯಿತುರಿ, ಗಿಟುಕು, ಹಳೇ ಎಣ್ಣೆ, ಬೆಲ್ಲ ಹಾಕಿ. ಕಣ್ಣಿಗೆ ಬಟ್ಟೆ ಕಟ್ಕೊಂಡು, ತಂಗಿಗೋ ತಮ್ಮನಿಗೋ ಲೋಟ ಅದಲು ಬದಲು ಮಾಡೋಕೆ ಹೇಳಿ. ಪ್ರತಿಯೊಂದಕ್ಕೂ ಹೆಸರು ಹೇಳಬೇಡಿ, ವಾಸನೆ ಹೇಗಿದೆ ಅಂತ ಮೂರು ಪದ ಹೇಳಿ, ಅವರು ಬರ್ಕೊಳ್ಳಲಿ. ವಾರ ಬಿಟ್ಟು ಮತ್ತೆ ಮಾಡಿ. ಅದೇ ಪದಗಳು ಬಂದ್ರೆ ನಿಮ್ಮ ಮೂಗು ಕಲಿಯೋಕೆ ತಯಾರಿದೆ ಅಂತ ಅರ್ಥ.

ನಿಮ್ಮ ಪಟ್ಟಿ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.