ಬಹುಕಾಲ ನಿಂತ ಪಂಪಿನ ಕಾರ್ಬೊರೇಟರು

ರಾಗಿ ತೆನೆ ಒಡೆಯುವ ಹೊತ್ತಿಗೆ ಮಳೆ ಕೈಕೊಟ್ಟಿದೆ ಅನ್ನಿ. ಕೃಷಿಹೊಂಡದಲ್ಲಿ ನೀರಿದೆ, ಪೈಪಿದೆ. ಕೊಟ್ಟಿಗೆ ಮೂಲೆಯಲ್ಲಿದ್ದ ಪೆಟ್ರೋಲ್ ಇಂಜಿನ್ನಿನ ಪಂಪನ್ನೂ ಹೊತ್ತು ತಂದಿದ್ದೀರಿ. ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು, ಇಂಜಿನ್ ಮಾತ್ರ ಉಸಿರೆತ್ತೋದಿಲ್ಲ. ಪೇಟೆಗೆ ಒಯ್ದು ಸರದಿ ಕಾಯುವಷ್ಟರಲ್ಲಿ ಪೈರು ಬಾಡಿರುತ್ತೆ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮ ಒಣಸೀಮೆಯಲ್ಲಿ ಹೊಂಡಗಳು ಹೆಚ್ಚಿದವು. ಹೊಂಡದ ಪಂಪು ಮಳೆ ತಪ್ಪಿದಾಗ ಓಡುವಂಥದ್ದು. ಮಿಕ್ಕ ದಿನ ಸುಮ್ಮನೆ ಕೂತಿರುತ್ತೆ. ಹಾಗೆ ಕೂತಾಗ ಕೆಡುವುದು ಹೆಚ್ಚಾಗಿ ಕಾರ್ಬೊರೇಟರು. ಡೀಸೆಲ್ ಇಂಜಿನ್ನಿಗೆ ಕಾರ್ಬೊರೇಟರೇ ಇಲ್ಲ, ಅಂಥದ್ದನ್ನು ಇಟ್ಟವರಿಗೆ ಈ ಮಾತಲ್ಲ.

ಕಾರ್ಬೊರೇಟರಿನ ಕೆಲಸ ಪೆಟ್ರೋಲನ್ನು ಗಾಳಿಯೊಡನೆ ಬೆರಸಿ ಇಂಜಿನ್ನಿಗೆ ಕೊಡುವುದು. ಅದರ ಕೆಳಗೊಂದು ಪುಟ್ಟ ಬಟ್ಟಲಿದೆ. ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಹಿತ್ತಾಳೆ ತಿರುಪಿನ ತೂತಿನಿಂದ ಮೇಲಕ್ಕೆ ಹೋಗಬೇಕು. ಆ ತೂತು ಒಂದು ಮಿಲಿಮೀಟರಿಗಿಂತಲೂ ಸಣ್ಣದು. ತಿಂಗಳುಗಟ್ಟಲೆ ನಿಂತಾಗ ಪೆಟ್ರೋಲಿನ ಹಗುರ ಅಂಶ ಆರಿಹೋಗಿ, ಉಳಿದದ್ದು ಹಲಸಿನ ಮೇಣದ ಹಾಗೆ ಅಂಟಾಗುತ್ತೆ. ಅಷ್ಟು ಸಣ್ಣ ತೂತು ಮುಚ್ಚೋದಕ್ಕೆ ಚೂರೇ ಅಂಟು ಸಾಕು.

ಈಚೆಗೆ ಇನ್ನೊಂದು ಕಾರಣವೂ ಸೇರಿದೆ. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿಗೆ ಬೆರಸುವ ಎಥನಾಲ್ ನೂರಕ್ಕೆ 20 ಪಾಲು ಮುಟ್ಟಿತು. ನಮ್ಮ ಕಬ್ಬು, ಮುಸುಕಿನ ಜೋಳದಿಂದಲೇ ಆಗುವ ಪದಾರ್ಥ. ಅದನ್ನು ದೂರುವುದು ಬೇಡ. ಆದರೆ ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಿದರೆ ನೀರೂ ಎಥನಾಲೂ ಬೇರೆಯಾಗಿ ಬಟ್ಟಲಿನ ತಳಕ್ಕೆ ಇಳಿಯುತ್ತವೆ, ಲೋಹಕ್ಕೆ ಬಿಳೀ ಪುಡಿ ಹಿಡಿಯುತ್ತದೆ.

ಶುಚಿ ಮಾಡುವ ಕೆಲಸ ಬಯಲಲ್ಲಿ, ಹಗಲಲ್ಲಿ ಆಗಲಿ. ಬೀಡಿ, ದೀಪ, ಒಲೆ ಹತ್ತಿರ ಬೇಡ. ಪೆಟ್ರೋಲ್ ನಲ್ಲಿ ಮುಚ್ಚಿ, ಪ್ಲಗ್ಗಿನ ತಂತಿ ಬಿಡಿಸಿ. ಬಟ್ಟಲಿನ ತಳದ ತಿರುಪು ಸಡಿಲಿಸಿ ಹಳೇ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ವಾರ್ನಿಷ್ ವಾಸನೆ ಬಂತೋ, ಟ್ಯಾಂಕಿನಲ್ಲಿರುವುದನ್ನೂ ತೆಗೆಯಿರಿ. ಅದನ್ನು ತಂಪು ಪಾನೀಯದ ಬಾಟಲಿಗೆ ತುಂಬಿಡುವ ಅಭ್ಯಾಸ ಬಹಳ ಕೆಟ್ಟದ್ದು ತಾಯಂದಿರೇ, ಮಕ್ಕಳು ಶರಬತ್ತೆಂದು ಕುಡಿದುಬಿಡುತ್ತಾರೆ. ಕಾಲುವೆಗೂ ಒಲೆಗೂ ಸುರಿಯದೆ ಗ್ಯಾರೇಜಿನವರಿಗೆ ಕೊಡಿ.

ಈಗ ಬಟ್ಟಲನ್ನು ಬಿಚ್ಚಿ. ಬಿಳೀ ಬಟ್ಟೆ ಹಾಸಿ, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ವರಸೆಯಲ್ಲೇ ಇಡಿ. ಮೊಬೈಲಿನಲ್ಲಿ ಒಂದು ಫೋಟೋ ಹಿಡಿದರೆ ಇನ್ನೂ ಒಳ್ಳೇದು. ಒಳಗಿನ ಫ್ಲೋಟನ್ನು ಹಿಡಿದ ಕಡ್ಡಿ ಎಳೆದರೆ ಅದೂ ಅದರ ಜೊತೆಯ ಸಣ್ಣ ಸೂಜಿಯೂ ಕೈಗೆ ಬರುತ್ತವೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ತೂತಾಗಿದೆ, ಬದಲಾಯಿಸಬೇಕು. ನಡುವಿನ ಕೊಳವೆಯ ತುದಿಯಲ್ಲಿ ಜೆಟ್ ಇದೆ. ಹಿತ್ತಾಳೆ ಮೆದು, ಗಾಡಿಗೆ ಸರಿಯಾಗಿ ಕೂರುವ ತಿರುಪುಳಿ ಹಾಕದಿದ್ದರೆ ತಲೆ ಕಿತ್ತುಬರುತ್ತೆ.

ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು. ಕಾಣದಿದ್ದರೆ ಹೊಸ ಪೆಟ್ರೋಲಿನಲ್ಲೋ, ಅಂಗಡಿಯಲ್ಲಿ ಸಿಗುವ ಕಾರ್ಬೊರೇಟರ್ ಕ್ಲೀನರಿನಲ್ಲೋ ನೆನೆಸಿಡಿ. ಉಕ್ಕಿನ ಸೂಜಿ, ಪಿನ್ನು ಮಾತ್ರ ತೂರಿಸಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಇಂಜಿನ್ ಆಮೇಲೆ ಹೊಗೆ ಉಗುಳುತ್ತೆ, ಪೆಟ್ರೋಲು ಕುಡಿಯುತ್ತೆ. ಕರೆಂಟು ವೈರಿನೊಳಗಿನ ತಾಮ್ರದ ಒಂದೇ ಎಳೆಯಿಂದ ಮೆಲ್ಲಗೆ ಬಿಡಿಸಿ. ಜೆಟ್ಟಿನ ಮೇಲಿರುವ ಕೊಳವೆಯ ಪಕ್ಕದಲ್ಲೂ ಸಣ್ಣ ತೂತುಗಳಿವೆ. ಬಹಳ ಜನ ಇದನ್ನು ಮರೆತು, ಶುಚಿ ಮಾಡಿದರೂ ಓಡಲಿಲ್ಲ ಅಂತ ಕೈಚೆಲ್ಲುತ್ತಾರೆ. ಎಲ್ಲಕ್ಕೂ ಸೈಕಲ್ ಪಂಪಿನಿಂದ ಗಾಳಿ ಊದಿ, ಕಣ್ಣು ಜೋಪಾನ. ಕ್ಲೀನರಿಗೆ ರಬ್ಬರ್ ಉಂಗುರಗಳನ್ನು ಹಾಕಬೇಡಿ, ಊದಿಕೊಂಡು ಮತ್ತೆ ಕೂರುವುದಿಲ್ಲ. ಇಷ್ಟೆಲ್ಲ ನೋಡದೆ ಹೊಸ ಕಾರ್ಬೊರೇಟರೇ ಕೊಳ್ಳಿ ಅನ್ನುವವರ ಮಾತನ್ನು ಅವಸರದಲ್ಲಿ ನಂಬಬೇಕಾಗಿಲ್ಲ.

ಜೋಡಿಸಿದ ಮೇಲೆ ಹೊಸ ಪೆಟ್ರೋಲು ಹಾಕಿ, ನಲ್ಲಿ ಬಿಟ್ಟು ಐದು ನಿಮಿಷ ಕಾದು ನೋಡಿ. ತೊಟ್ಟಿಕ್ಕಿದರೆ ಸೂಜಿಯೋ ಬಟ್ಟಲಿನ ಉಂಗುರವೋ ಸರಿಯಾಗಿ ಕೂತಿಲ್ಲ; ಮತ್ತೆ ಬಿಚ್ಚಿ ಸರಿಪಡಿಸಿ. ತೊಟ್ಟಿಕ್ಕದಿದ್ದರೆ ಚೆಲ್ಲಿದ್ದನ್ನು ಒರೆಸಿ, ಆರಿದ ಮೇಲೆಯೇ ಪ್ಲಗ್ಗಿನ ತಂತಿ ಸಿಕ್ಕಿಸಿ. ಪಂಪಿನ ಹೊಟ್ಟೆಗೆ ನೀರು ತುಂಬಿ ಹಗ್ಗ ಎಳೆಯಿರಿ. ಬರಿದೇ ಓಡಿಸಿದರೆ ಪಂಪಿನ ಸೀಲು ಸುಟ್ಟುಹೋಗುತ್ತೆ.

ಕೆಲಸ ಮುಗಿದು ಪಂಪನ್ನು ಎತ್ತಿಡುವ ದಿನ, ಟ್ಯಾಂಕು ಬರಿದು ಮಾಡಿ. ನೀರು ಹರಿಯುತ್ತಿರುವಾಗಲೇ ನಲ್ಲಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲಿ. ಆರಿ ತಣ್ಣಗಾದ ಮೇಲೆ ಬಟ್ಟಲಿನ ತಿರುಪು ಸಡಿಲಿಸಿ ಉಳಿದ ನಾಲ್ಕು ಹನಿಯನ್ನೂ ಇಳಿಸಿ, ತಿರುಪು ಬಿಗಿ ಮಾಡಿ. ಪಂಪಿನೊಳಗಿನ ನೀರನ್ನೂ ಬಿಟ್ಟು, ಇಲಿ ಗೂಡು ಕಟ್ಟದ ಹಾಗೆ ಗೋಣಿ ಮುಚ್ಚಿ ಅಟ್ಟದ ಮೇಲಿಡಿ.