ಲಘುವಿಮಾನಗಳ ತಂತಿಚಕ್ರ: ಆಯ್ಕೆಯ ಪ್ರಶ್ನೆಗೆ ಒಂದು ಚಾರಿತ್ರಿಕ ಪೀಠಿಕೆ

ಒಬ್ಬನೇ ಕುಳಿತು ಹಾರಬಹುದಾದ ಹಗುರ ವಿಮಾನವನ್ನು ಮನೆಯಲ್ಲಿ ತಾನೇ ಕಟ್ಟಿಕೊಳ್ಳುವ ಹವ್ಯಾಸವು ಯೂರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1982ರಲ್ಲಿ ಬಂದ ನಿಯಮವು ಎಂಜಿನ್ನುಳ್ಳ ಇಂಥ ಯಂತ್ರದ ಬರಿಯ ತೂಕ 254 ಪೌಂಡಿಗಿಂತ, ಎಂದರೆ ಸುಮಾರು 115 ಕಿಲೋಗ್ರಾಮಿಗಿಂತ, ಕಡಿಮೆಯಿರಬೇಕೆಂದು ಗೊತ್ತುಮಾಡಿತು. ಈ ಮಿತಿಯೊಳಗಿನ ಯಂತ್ರಕ್ಕೆ ಸರಕಾರದ ಯೋಗ್ಯತಾಪತ್ರವಾಗಲಿ, ಹಾರಿಸುವವನಿಗೆ ಪರವಾನಗಿಯಾಗಲಿ ಬೇಕಿಲ್ಲ. ಆದುದರಿಂದ ಕಟ್ಟುವವನೇ ಅಲ್ಲಿ ಪರೀಕ್ಷಕನೂ ಆಗುತ್ತಾನೆ. ತಪ್ಪಿದರೆ ದಂಡ ತೆರುವವನೂ ಅವನೇ. ತೂಕವನ್ನು ತೊಲ ತೊಲವಾಗಿ ಲೆಕ್ಕಹಾಕುವ ಇಂಥವನ ಕಣ್ಣು ಸಹಜವಾಗಿ ಸೈಕಲ್ಲಿನ ಚಕ್ರದ ಮೇಲೆ ಬೀಳುತ್ತದೆ. ಅದು ಹಗುರ, ಅಗ್ಗ, ಎಲ್ಲೆಡೆಯೂ ದೊರೆಯುವಂಥದು. ಹಳೆಯ ವಿಮಾನಗಳ ಚಿತ್ರಗಳಲ್ಲಿಯೂ ಅದೇ ಚಕ್ರ ಕಾಣುತ್ತದೆಯಲ್ಲವೆ?

ಈ ‘ಅದೇ’ ಎಂಬ ಮಾತನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಚರಿತ್ರೆಯ ಅಧ್ಯಾಪಕರಾದ ನಾವು ಯಂತ್ರಶಾಸ್ತ್ರದ ಹೊಲಕ್ಕೆ ಕಾಲಿಡುತ್ತಿರುವುದನ್ನು ಆ ವಿಭಾಗದ ಮಿತ್ರರು ಕ್ಷಮಿಸಬೇಕು. ಪ್ರಶ್ನೆ ಅರ್ಧ ಅವರದು, ಅರ್ಧ ನಮ್ಮದು.

ಎತ್ತಿನ ಗಾಡಿಯ ಗಾಲಿಯನ್ನು ಕಂಡವರಿಗೆ ಅದರ ನ್ಯಾಯ ಸುಲಭವಾಗಿ ಗೊತ್ತಾಗುತ್ತದೆ. ಹೊರೆಯು ಅಚ್ಚಿನಿಂದ ನಡುವಣ ಗುಂಬಕ್ಕೆ ಇಳಿಯುತ್ತದೆ. ಗುಂಬವು ಕೆಳಗಿನ ಮರದ ಅರಗಳ ಮೇಲೆ, ಕಂಬದ ಮೇಲೆ ನಿಂತಂತೆ, ನಿಂತಿರುತ್ತದೆ. ಒತ್ತಡವನ್ನು ತಾಳಬೇಕಾದುದರಿಂದ ಅರ ದಪ್ಪನಾಗಿರಲೇಬೇಕು, ದಪ್ಪವಾದರೆ ಭಾರವಾಗಲೇಬೇಕು. ತಂತಿಚಕ್ರದ ನ್ಯಾಯ ಬೇರೆ. ತೆಳು ತಂತಿ ಒತ್ತಿದರೆ ಬಾಗುತ್ತದೆ, ಎಳೆದರೆ ಬಹಳ ತಾಳುತ್ತದೆ. ಆದುದರಿಂದ ಎಲ್ಲ ತಂತಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ನೇಮಿಗೂ ಗುಂಬಕ್ಕೂ ಕಟ್ಟಿಡುತ್ತಾರೆ. ಹೊರೆ ಬಿದ್ದಾಗ ನೆಲದ ಕಡೆಯ ಕೆಲವು ತಂತಿಗಳ ಎಳೆತ ಕಡಮೆಯಾಗುತ್ತದೆ. ಉಳಿದವುಗಳಲ್ಲಿ ಬದಲಾವಣೆ ಅತ್ಯಲ್ಪ. ಹೊರೆಯೆಲ್ಲ ಮೇಲಿನ ತಂತಿಗಳಿಂದ ತೂಗುತ್ತದೆಂಬ ಜನಜನಿತವಾದ ಮಾತು ಸರಿಯಲ್ಲವೆಂಬುದನ್ನು ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರು 1981ರಲ್ಲಿ ಸೈಕಲ್ ಚಕ್ರವನ್ನು ಕುರಿತು ಬರೆದ ಪುಸ್ತಕದಲ್ಲಿ ಲೆಕ್ಕದೊಡನೆ ತೋರಿಸಿದ್ದಾರೆ. ತಂತಿಯ ಬಿಗಿ ಪೂರ್ಣವಾಗಿ ಸಡಿಲಿದ ಕ್ಷಣದಲ್ಲಿಯೇ ಚಕ್ರದ ಬಲ ಮುಗಿಯಿತು.

ಈ ಯುಕ್ತಿಯು ಹುಟ್ಟಿದ ಸನ್ನಿವೇಶವೇ ನಮ್ಮ ವಿಷಯದ ಸ್ವಾರಸ್ಯ. ವಿಮಾನವು ತನ್ನ ಚಕ್ರವನ್ನು ಬೈಸಿಕಲ್ಲಿನಿಂದ ಎರವು ತಂದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನುದಾರ ಸರ್ ಜಾರ್ಜ್ ಕೇಲಿ (1773-1857) ಮರದ ಅರಗಳಿಗೆ ಬದಲಾಗಿ ಬಿಗಿದ ಹುರಿಗಳಿಂದ ಗಟ್ಟಿಗೊಳ್ಳುವ ಹಗುರ ಚಕ್ರವನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುದು 1808ರಲ್ಲಿ. ಆಗ ತುಳಿಯುವ ಬೈಸಿಕಲ್ಲು ಲೋಕದಲ್ಲಿ ಇರಲಿಲ್ಲ. ಕೇಲಿಗೆ ಬೇಕಾಗಿದ್ದುದು ಹಾರುವ ಯಂತ್ರಕ್ಕೆ ಕಾಲು. ಹಾರುವಾಗ ಕೆಲಸಕ್ಕೆ ಬಾರದ ಆ ಕಾಲು ಆದಷ್ಟು ಹಗುರವಾಗಿರಬೇಕೆಂಬುದು ಅವನ ಚಿಂತೆ. 1853ರಲ್ಲಿ ಬ್ರಾಂಪ್ಟನ್ನಿನ ಕಣಿವೆಯ ಮೇಲೆ ಅವನ ಗಾಡಿಯಾಳನ್ನು ಹೊತ್ತು ತೇಲಿದ ಯಂತ್ರವು ಆ ಚಿಂತೆಯ ಫಲ. ಇಷ್ಟರಿಂದ ಬೈಸಿಕಲ್ಲು ಕೇಲಿಗೆ ಋಣಿಯೆಂದು ತೀರ್ಮಾನಿಸುವುದು ಸಾಹಸವಾದೀತು. ಅವನ ಟಿಪ್ಪಣಿ ಪುಸ್ತಕ ಅಚ್ಚಾದುದು 1933ರಲ್ಲಿ. ಪ್ಯಾರಿಸಿನ ಯೂಜೆನ್ ಮೆಯರ್ 1869ರಲ್ಲಿ ತಂತಿಚಕ್ರಕ್ಕೆ ಹಕ್ಕುಪತ್ರ ಪಡೆದನು. ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ತಂತಿಗಳನ್ನು ಗುಂಬದಿಂದ ನೇರವಾಗಿ ಹೊರಡಿಸದೆ ಓರೆಯಾಗಿ, ಒಂದನ್ನೊಂದು ದಾಟುವಂತೆ ಕಟ್ಟಿದನು. ಅವರು ಅದನ್ನು ಸ್ವತಂತ್ರವಾಗಿಯೇ ಕಂಡುಕೊಂಡರೆಂದು ಭಾವಿಸುವುದು ಹೆಚ್ಚು ಸುರಕ್ಷಿತ.

ಆದರೆ ಈ ನಡುವೆ ಚಕ್ರದ ಸ್ವಭಾವವೇ ಬದಲಾಯಿತು. ಬೈಸಿಕಲ್ಲು ತಿರುವಿನಲ್ಲಿ ವಾಲುತ್ತದೆ. ಹಾಗೆ ವಾಲುವುದರಿಂದ ಹೊರೆಯ ಬಲ ಬಹುಮಟ್ಟಿಗೆ ಚಕ್ರದ ಪಾತಳಿಯಲ್ಲಿಯೇ ಉಳಿಯುತ್ತದೆ. ಪಕ್ಕದಿಂದ ನೂಕುವ ಬಲ ಸ್ವಲ್ಪ. ಆದುದರಿಂದ ಬೈಸಿಕಲ್ಲಿನ ಗುಂಬ ಕಿರಿದಾಗಿದ್ದರೂ ನಡೆಯುತ್ತದೆ, ಕಿರಿದಾದಷ್ಟೂ ತುಳಿಯುವವನಿಗೆ ಅನುಕೂಲ. ವಿಮಾನವಾದರೋ ನೆಲದ ಮೇಲೆ ವಾಲಲಾರದು. ಅಡ್ಡಗಾಳಿಯಲ್ಲಿ ಇಳಿಯುವಾಗ ಅದರ ಮೂತಿ ಒಂದು ಕಡೆಗೆ, ಚಲನೆ ಇನ್ನೊಂದು ಕಡೆಗೆ; ನೆಲ ಮುಟ್ಟಿದೊಡನೆ ಚಕ್ರವು ಪಕ್ಕಕ್ಕೆ ಉಜ್ಜಲ್ಪಡುತ್ತದೆ. ಆಗ ಬೈಸಿಕಲ್ ಚಕ್ರವು ಹಪ್ಪಳದಂತೆ ಮುದುರಿಕೊಂಡರೆ ಆಶ್ಚರ್ಯವಿಲ್ಲ. ರೆಕ್ಕೆಯ ತುದಿ ನೆಲಕ್ಕೆ ನಾಟುತ್ತದೆ, ಯಂತ್ರ ಮುಗ್ಗರಿಸುತ್ತದೆ. ಮುಂದೆ ಕುಳಿತವನಿಗೂ ನೆಲಕ್ಕೂ ನಡುವೆ ಕೆಲವು ಕೊಳವೆಗಳಲ್ಲದೆ ಬೇರೆ ಮರೆಯಿರುವುದಿಲ್ಲ.

ಆರಂಭಕಾಲದ ವೈಮಾನಿಕರು ಇದನ್ನು ಅರಿಯದವರಲ್ಲ. ರೈಟ್ ಸೋದರರು ಕಸುಬಿನಿಂದ ಬೈಸಿಕಲ್ ತಯಾರಕರು. ಆದರೂ ಅವರ 1903ರ ಯಂತ್ರಕ್ಕೆ ಚಕ್ರವೇ ಇರಲಿಲ್ಲ. ಅದು ಕಂಬಿಯ ಮೇಲೆ ಪುಟ್ಟ ಗಾಡಿಯಲ್ಲಿ ಓಡಿ ಮೇಲೇರಿ, ಮರದ ಜಾರುಪಟ್ಟಿಗಳ ಮೇಲೆ ಇಳಿಯುತ್ತಿತ್ತು. 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಬ್ಲೇರಿಯೋನ ವಿಮಾನದಲ್ಲಿ ತಂತಿಚಕ್ರಗಳಿದ್ದುವು; ಅವು ಚಲನೆಯ ದಿಕ್ಕಿಗೆ ತಕ್ಕಂತೆ ತಾವೇ ತಿರುಗಿಕೊಳ್ಳುವ ಹಾಗೆ ಹಿಂದಕ್ಕೆ ಚಾಚಿದ ಕವೆಗಳಲ್ಲಿ ಕೂತಿದ್ದುವು. ಪಕ್ಕದ ಬಲವನ್ನು ತಾಳುವುದರ ಬದಲು ತಪ್ಪಿಸಿಕೊಳ್ಳುವ ಉಪಾಯವಿದು. (ಡೋವರಿನಲ್ಲಿ ಆತ ಇಳಿದ ರಭಸಕ್ಕೆ ಕೆಳಗಾಡಿ ಮುರಿದುದು ನಿಜ, ಅದು ಚಕ್ರದ ತಪ್ಪಲ್ಲ.) ಮೊದಲ ಮಹಾಯುದ್ಧದ ಸೋಪ್‌ವಿತ್ ಮುಂತಾದ ವಿಮಾನಗಳು ಎರಡನೆಯ ಮಾರ್ಗವನ್ನು ಹಿಡಿದುವು. ಅವುಗಳ ಗುಂಬ ಉದ್ದವಾಗಿ, ತಂತಿಗಳು ಡೇರೆಯ ಹಗ್ಗಗಳಂತೆ ಅಗಲವಾಗಿ ಹರಡಿದುವು. ಅದರ ಮೇಲೆ ಬಟ್ಟೆ ಹೊದಿಸಿದುದರಿಂದ ಚಿತ್ರಗಳಲ್ಲಿ ಈ ಭೇದ ಕಾಣಿಸುವುದಿಲ್ಲ. ಚಿತ್ರವನ್ನು ನಂಬಿದ ಚರಿತ್ರಕಾರನೂ ಕಟ್ಟುವವನೂ ಇಲ್ಲಿ ಒಟ್ಟಿಗೆ ಎಡವುತ್ತಾರೆ.

ಭೇದವೆಷ್ಟೆಂಬುದನ್ನು ತಿಳಿಯಲು ನಾವು ಅಂಗುಲಪಟ್ಟಿ ಹಿಡಿದು ನಮ್ಮ ಕಾಲೇಜಿನ ಸೈಕಲ್ ನಿಲ್ದಾಣಕ್ಕೇ ಹೋದೆವು. ವಿದ್ಯಾರ್ಥಿಗಳಿಗೆ ಅದೊಂದು ವಿನೋದವಾಯಿತು. ದೊಡ್ಡ ಸೈಕಲ್ಲೊಂದರ ಮುಂದಿನ ಗುಂಬದಲ್ಲಿ ತಂತಿ ಸಿಕ್ಕಿಸುವ ಎರಡು ಬಿಲ್ಲೆಗಳ ಅಂತರ ಸುಮಾರು 60 ಮಿಲಿಮೀಟರು, ಅದರ ಅರ್ಧ 30. ಚಕ್ರದ ತ್ರಿಜ್ಯ 300ಕ್ಕೆ ಸ್ವಲ್ಪ ಹೆಚ್ಚು. ಎಂದರೆ ತಂತಿಯು ಪಕ್ಕಕ್ಕೆ ಓಲುವುದು ತನ್ನ ಉದ್ದದ ಹತ್ತನೆಯ ಒಂದು ಪಾಲು. ಸ್ಥೂಲವಾಗಿ ಹೇಳುವುದಾದರೆ, ಪಕ್ಕದಿಂದ 1 ಕಿಲೋಗ್ರಾಮ್ ನೂಕಿದರೆ ಅದನ್ನು ತಡೆಯಲು ತಂತಿಗಳು ಒಟ್ಟಾಗಿ 10 ಕಿಲೋಗ್ರಾಮಿನಷ್ಟು ಎಳೆಯಬೇಕು. ಮಕ್ಕಳ ಸೈಕಲ್ಲಿನ 20 ಅಂಗುಲದ ಚಕ್ರದಲ್ಲಿ ನೇಮಿಯ ತ್ರಿಜ್ಯ ಸುಮಾರು 200 ಮಿಲಿಮೀಟರು. ಅದಕ್ಕೆ ಬಿಲ್ಲೆಗಳ ನಡುವೆ 140 ಮಿಲಿಮೀಟರಿರುವ ಗುಂಬವನ್ನು ಮಾಡಿಸಿ ಹಾಕಿದರೆ ಅದೇ ಲೆಕ್ಕ 3 ಕಿಲೋಗ್ರಾಮಿಗೆ ಇಳಿಯುತ್ತದೆ. ಬೆಲೆಬಾಳುವ ರಿಮ್ಮನ್ನೂ ಹೊಳೆಯುವ ತಂತಿಯನ್ನೂ ಹುಡುಕುವುದಕ್ಕಿಂತ ಮೊದಲು ಗುಂಬದ ಅಗಲವನ್ನು ನೋಡಬೇಕೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಅಚ್ಚು. ಸೈಕಲ್ಲಿನ ಅಚ್ಚನ್ನು ಕವೆಯ ಎರಡು ಕಾಲುಗಳೂ ಹಿಡಿದಿರುತ್ತವೆ. ವಿಮಾನದಲ್ಲಿ ಅದು ಅನೇಕವೇಳೆ ಒಂದೇ ತುದಿಯಲ್ಲಿ ಹಿಡಿತವುಳ್ಳದ್ದು. ಬೆರಳಿನಷ್ಟೂ ದಪ್ಪವಿಲ್ಲದ ಸೈಕಲ್ ಅಚ್ಚು ಹಾಗೆ ಹೊರಚಾಚಿ ನಿಂತರೆ ಬಾಗುವುದೇ ಸಹಜ. ಅಂಗವಿಕಲರ ಗಾಲಿಕುರ್ಚಿಯ ಚಕ್ರವೂ ಒಂದೇ ಕಡೆ ಹಿಡಿತವುಳ್ಳದ್ದು, ವಾಲದೆ ಓಡುವಂಥದು. ಈ ಸಾಮ್ಯದಿಂದ ಅದನ್ನು ಆರಿಸಬಯಸುವವರು ಅದು ಮನುಷ್ಯನ ನಡಿಗೆಯ ವೇಗಕ್ಕೆ ಮಾಡಿದುದೆಂಬುದನ್ನು ಮರೆಯಬಾರದು. ದಪ್ಪ ಕೊಳವೆಯ ಅಚ್ಚಿಗೆ ತಕ್ಕ ಗುಂಬವನ್ನು ಲೇತಿನಲ್ಲಿ ಕಡೆಯಿಸುವುದೇ ಲೇಸು. ಮೋಟರ್ ಸೈಕಲ್ಲಿನ ಚಕ್ರ ಬಲದಲ್ಲಿ ಮೇಲು. 115 ಕಿಲೋಗ್ರಾಮಿನ ಮಿತಿಯಲ್ಲಿ ಅದರ ಭಾರಕ್ಕೆ ಎಡೆಯಿಲ್ಲ.

ಗುಂಬದಲ್ಲಿ ಬ್ರೇಕು ಇಡುವವರು ಸ್ಟಾರ್ಲಿಯ ಪಾಠವನ್ನು ನೆನೆಯಬೇಕು. ನೇರವಾಗಿ ಹೊರಟ ತಂತಿಗಳು ಗುಂಬದ ತಿರುಚನ್ನು ನೇಮಿಗೆ ಸಾಗಿಸಲಾರವು. ಓರೆ ಕಟ್ಟು ಅನಿವಾರ್ಯ. ಬ್ರೇಕಿಲ್ಲದ, ಬಾಲದ ಜಾರುಗಾಲಿನಿಂದ ನಿಲ್ಲುವ ಯಂತ್ರಕ್ಕೆ ಈ ಕಟ್ಟಳೆಯಿಲ್ಲ. ತಂತಿಗಳ ಸಂಖ್ಯೆ 36ಕ್ಕೆ ಕಡಮೆಯಿರದಿರುವುದು ಒಳಿತು, 48 ಇನ್ನೂ ಒಳಿತು.

ಉಳಿದುದು ಬಿಗಿಯ ಪರೀಕ್ಷೆ. ಬೆಂಡು ತೆಗೆಯುವ ಸೈಕಲ್ ಅಂಗಡಿಯವನು ಕಡ್ಡಿಗಳನ್ನು ಒಂದೊಂದಾಗಿ ಮೀಟಿ ನೋಡುವುದುಂಟು. ವೀಣೆಯ ಶ್ರುತಿ ನೋಡಿದಂತೆ ಒಂದೇ ಪಕ್ಕದ ತಂತಿಗಳೆಲ್ಲ ಒಂದೇ ಸ್ವರ ಕೊಡಬೇಕು. ಮಂಕಾಗಿ ನುಡಿದುದು ಸಡಿಲವಾದುದು. ಪ್ರತಿಯೊಂದು ಒರಟು ಇಳಿತದ ಅನಂತರವೂ ಹೀಗೆ ಮಾಡಬೇಕಾದುದರಿಂದ, ಗಾಳಿಯ ತಡೆಯನ್ನು ಕಡಮೆಮಾಡಲು ಚಕ್ರಕ್ಕೆ ಬಟ್ಟೆ ಹೊದಿಸುವವರು ಅದನ್ನು ಶಾಶ್ವತವಾಗಿ ಅಂಟಿಸಬಾರದು. ಯುದ್ಧಕಾಲದ ಚಕ್ರಗಳ ಹೊದಿಕೆಯಲ್ಲಿ ಟ್ಯೂಬಿಗೆ ಗಾಳಿ ತುಂಬಲು ಒಂದು ಸಣ್ಣ ಕಿಂಡಿಯನ್ನು ಬಿಡುತ್ತಿದ್ದರು. ಇಂದು ಕಟ್ಟುವವನು ಹೊದಿಕೆಯನ್ನೇ ದಾರದಿಂದ ಕಟ್ಟಿ, ಬೇಕಾದಾಗ ಬಿಚ್ಚಿ, ಒಳಗಿನ ತಂತಿಗಳನ್ನು ಬೆರಳಿನಿಂದ ಮುಟ್ಟಿ ನೋಡುವಂತಿರಬೇಕು.