ಸಂಭವನಾಥರ ಪೀಠದ ಕುದುರೆ

ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳು ಸಾಲಾಗಿರುವ ಬಸದಿಯಲ್ಲಿ ದರ್ಶನ ಮಾಡುತ್ತ ಹೋದರೆ ಮೂರನೆಯ ಬಿಂಬದ ಪೀಠದಲ್ಲಿ ಪುಟ್ಟದೊಂದು ಕುದುರೆ ಕಾಣುತ್ತದೆ. ಅದು ಸಂಭವನಾಥ ಸ್ವಾಮಿಯ ಲಾಂಛನ. ಆದಿನಾಥರಿಗೆ ವೃಷಭ, ಅಜಿತನಾಥರಿಗೆ ಆನೆ, ವಿಮಲನಾಥರಿಗೆ ವರಾಹ, ಕುಂಥುನಾಥರಿಗೆ ಆಡು. ಮನುಷ್ಯರು ಮುದ್ದಿಸುವ ಪ್ರಾಣಿಗೂ ಹೇಸುವ ಪ್ರಾಣಿಗೂ ಅಲ್ಲಿ ಒಂದೇ ಎತ್ತರದ ಪೀಠ.

2013ರ ಜನವರಿಯಲ್ಲಿ ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರವು ಗೋಮಾಂಸದ್ದೆಂದು ಮಾರಾಟವಾಗುತ್ತಿದ್ದ 27 ಬರ್ಗರುಗಳನ್ನು ಪರೀಕ್ಷಿಸಿ, ಅವುಗಳಲ್ಲಿ 10ರಲ್ಲಿ ಕುದುರೆಯ ಅಂಶವಿದೆಯೆಂದು ಪ್ರಕಟಿಸಿತು. ಬ್ರಿಟನ್ನಿನಲ್ಲಿ ಕೋಲಾಹಲವೆದ್ದಿತು. ಅದೇ ಪರೀಕ್ಷೆಯಲ್ಲಿ 23 ಬರ್ಗರುಗಳಲ್ಲಿ ಹಂದಿಯ ಅಂಶವೂ ಸಿಕ್ಕಿತ್ತು. ಅದಕ್ಕೆ ಅಷ್ಟು ಗದ್ದಲವಾಗಲಿಲ್ಲ. ಆಗ ನಾನಿನ್ನೂ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಪತ್ರಿಕೆಯ ಸುದ್ದಿಯನ್ನು ತರಗತಿಯಲ್ಲಿ ಓದಿಸಿದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಹಸು ತಿನ್ನುವವರಿಗೆ ಕುದುರೆ ತಿಂದರೆ ಯಾಕೆ ಅಸಹ್ಯ?” ಎಂದು ಕೇಳಿದಳು. ಅವರು ಕುದುರೆಯನ್ನು ಒಡನಾಡಿಯಂತೆ ಸಾಕುತ್ತಾರಮ್ಮ ಎಂದೆ. ಗಂಟೆ ಬಾರಿಸಿತು. ಅರ್ಧ ಉತ್ತರ ಕೊಟ್ಟ ಮೇಷ್ಟರಿಗೆ ಗಂಟೆಯೇ ದೊಡ್ಡ ಉಪಕಾರಿ.

ಆ ಅಸಹ್ಯ ಎಲ್ಲೆಡೆ ಇಲ್ಲ. ಕ್ರಿ.ಶ. 732ರಲ್ಲಿ ಮೂರನೆಯ ಗ್ರೆಗರಿ ಪೋಪರು ಜರ್ಮನಿಯಲ್ಲಿ ಧರ್ಮಪ್ರಚಾರದಲ್ಲಿದ್ದ ಬೋನಿಫೇಸರಿಗೆ ಪತ್ರ ಬರೆದು, ಕುದುರೆಯ ಮಾಂಸ ತಿನ್ನುವ ರೂಢಿಯನ್ನು ನಿಲ್ಲಿಸಬೇಕೆಂದು ಆದೇಶಿಸಿದರು. ಅದೇ ಯುರೋಪಿನ ಫ್ರಾನ್ಸ್ 1866ರಲ್ಲಿ ಅದರ ಮಾರಾಟಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ನಾಲ್ಕು ವರ್ಷಗಳಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ, ಗಾಡಿಯೆಳೆಯುತ್ತಿದ್ದ ಕುದುರೆಗಳೇ ನಗರದ ಊಟವಾದವು. ಜಪಾನಿನ ಕುಮಾಮೊಟೊದಲ್ಲಿ ಅದನ್ನು ಹಸಿಯಾಗಿಯೇ ಬಡಿಸುತ್ತಾರೆ. ಕಜಕಸ್ತಾನದಲ್ಲಿ ಕುದುರೆಯೇ ಬದುಕಿನ ಜೀವಾಳ. ಅತಿಥಿಗೆ ಅದರ ಮಾಂಸವನ್ನು ಬಡಿಸುವುದೇ ಅಲ್ಲಿ ಗೌರವ. ಒಡನಾಟವಿದ್ದರೆ ತಿನ್ನಲಾರರು ಎಂಬ ನನ್ನ ಉತ್ತರವನ್ನು ಈ ಕಜಕರೊಬ್ಬರೇ ಸುಳ್ಳಾಗಿಸುತ್ತಾರೆ.

ಜಿನಶಾಸನವು ಈ ಪ್ರಶ್ನೆಯನ್ನು ರೂಢಿಯಿಂದ ಅಳೆಯುವುದಿಲ್ಲ, ಜೀವದಿಂದ ಅಳೆಯುತ್ತದೆ. ಕುದುರೆ, ಹಸು, ಹಂದಿ, ಆಡು ಎಲ್ಲವೂ ಮನಸ್ಸುಳ್ಳ ಪಂಚೇಂದ್ರಿಯ ಜೀವಿಗಳು. ನೋವನ್ನು ಅರಿಯುವುದರಲ್ಲಿ ಅವುಗಳೊಳಗೆ ಮೇಲುಕೀಳಿಲ್ಲ. ಮುಪ್ಪಾಗಿ ತಾನೇ ಸತ್ತ ಕುದುರೆಯನ್ನು ತಿಂದರೇನು, ಕೊಂದಂತಾಗಲಿಲ್ಲವಲ್ಲ ಎಂದು ವಾದಿಸುವವರುಂಟು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಆ ದಾರಿಯನ್ನೂ ಮುಚ್ಚಿದ್ದಾರೆ: ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ನಿಗೋದ ಜೀವಗಳು ಹುಟ್ಟುತ್ತಲೇ ಇರುತ್ತವೆ, ಆದ್ದರಿಂದ ಅಲ್ಲಿಯೂ ಹಿಂಸೆ ತಪ್ಪದು.

ಹಾಗೆಂದು ಬ್ರಿಟನ್ನಿನವರ ಅಸಹ್ಯವನ್ನು ನಾನು ಹಗುರವಾಗಿ ಕಾಣಲಾರೆ. ಒಂದು ಪ್ರಾಣಿಯ ಮುಖವನ್ನಾದರೂ ಅವರು ಗುರುತಿಸಿದ್ದಾರೆ. ನೇಮಿನಾಥ ಸ್ವಾಮಿಗೆ ಗುರುತು ಪರಿಚಯವೂ ಬೇಕಾಗಲಿಲ್ಲ. ಮದುವೆಯ ಊಟಕ್ಕೆಂದು ಕೂಡಿಹಾಕಿದ್ದ ಮೃಗಗಳ ಕೂಗು ಕಿವಿಗೆ ಬಿದ್ದುದೇ ಸಾಕಾಯಿತು. ರಥ ಗಿರಿನಾರದತ್ತ ತಿರುಗಿತು.

ತಿನ್ನದವರಾದ ನಮ್ಮ ಲೆಕ್ಕವೇನು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನನೀರು ತಡೆಯುವುದು. ಪಾಠಶಾಲೆಯ ಮಕ್ಕಳಿಗೆ ಇವನ್ನು ಬಾಯಿಪಾಠ ಮಾಡಿಸುವಾಗಲೆಲ್ಲ ನನಗೆ ಒಂದು ಜಟಕಾ ಗಾಡಿ ನೆನಪಾಗುತ್ತದೆ.

ನನಗಾಗ ಒಂಬತ್ತೋ ಹತ್ತೋ ವರ್ಷ. ಪಂಚಕಲ್ಯಾಣ ಪೂಜೆಗೆಂದು ರೈಲಿಳಿದು, ನಾಲ್ವರು ಕೂರುವ ಜಟಕಾದಲ್ಲಿ ಗಂಟುಮೂಟೆ ಸಹಿತ ಎಂಟು ಮಂದಿ ಹತ್ತಿದೆವು. ಒಂದು ಜಟಕಾದ ಬಾಡಿಗೆ ಉಳಿಯಿತೆಂದು ದೊಡ್ಡವರಿಗೆ ಸಮಾಧಾನ. ಏರಿನಲ್ಲಿ ಕುದುರೆ ಮುಂಗಾಲು ಮಡಿಸಿ ಕುಸಿಯಿತು. ಗಾಡಿಯವನು ಚಾಟಿ ಬೀಸಿದ. ಅಜ್ಜಿಯ ಕೈಯಲ್ಲಿ ಜಪಮಣಿ ಸರಿಯುತ್ತಲೇ ಇತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಬೇಕಾಗಿದ್ದುದರಿಂದ ಅಪ್ಪ “ಬೇಗ ಹೊಡಿಯಪ್ಪ” ಎಂದರು. ಯಾರೂ ಇಳಿಯಲಿಲ್ಲ. ಬಸದಿ ತಲುಪಿದಾಗ ನಮಗೆ ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ತಂದುಕೊಟ್ಟರು, ಕುಡಿಯಲು ಸೋಸಿದ ನೀರು ಬೇರೆ. ಕುದುರೆ ಹೊರಗೆ ಬಿಸಿಲಿನಲ್ಲಿ ನೊರೆಬಾಯಿ ಬಿಟ್ಟು ನಿಂತಿತ್ತು. ಅದಕ್ಕೆ ಯಾರಾದರೂ ನೀರು ಕೊಟ್ಟರೆಂಬುದು ನನ್ನ ನೆನಪಿನಲ್ಲಿಲ್ಲ.